ಬುರುಜು ಬಿದ್ದದ್ದು ಯಾರ ಪಾಪದಿಂದ?

(ಲೂಕನ ಸುವಾರ್ತೆಯ ೧೩ನೆಯ ಅಧ್ಯಾಯದ ಮೊದಲಿನ ಒಂಭತ್ತು ವಚನಗಳನ್ನು ಓದಿಕೊಂಡು ಈ ಲೇಖನವನ್ನು ಓದಿರಿ.)

ಮಳೆ ಹೋದ ವರುಷದಲ್ಲಿಯೂ ಹೊಳೆಯು ದಡ ಮೀರಿ ಊರೊಳಗೆ ನುಗ್ಗಿದ ವರುಷದಲ್ಲಿಯೂ ನಮ್ಮ ಗ್ರಾಮಗಳಲ್ಲಿ ಎರಡು ಬಗೆಯ ಮಾತುಗಳು ಹುಟ್ಟುವದುಂಟು. ಒಂದು ಹೊರಗಿನವರ ಮಾತು: "ಈ ಕ್ರೈಸ್ತರು ಊರಮ್ಮನ ಜಾತ್ರೆಗೆ ಪಟ್ಟಿ ಕೊಡುವದನ್ನು ಬಿಟ್ಟರು, ದೇವಿಗೆ ಸಿಟ್ಟು ಬಂತು, ಮಳೆ ಹೋಯಿತು." ಇನ್ನೊಂದು ನಮ್ಮವರದೇ ಮಾತು: "ಅವನು ಭಾನುವಾರ ಆರಾಧನೆಗೆ ಬಾರದೆ ಹೊಲಕ್ಕೆ ಹೋಗುತ್ತಿದ್ದನು, ನೋಡಿರಿ, ದೇವರು ಅವನ ಗೋಡೆಯನ್ನೇ ಕೆಡವಿದನು." ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಾಗಿ ತೋರಿದಾಗ್ಯೂ ಒಂದೇ ಬೇರಿನಿಂದ ಹುಟ್ಟಿದವುಗಳಾಗಿವೆ. ಕಷ್ಟಕ್ಕೆ ಒಳಗಾದವನು ತಪ್ಪಿತಸ್ಥನಾಗಿರಲೇಬೇಕು, ಕಷ್ಟದಿಂದ ತಪ್ಪಿಸಿಕೊಂಡವನು ಅವನಿಗಿಂತ ಒಳ್ಳೆಯವನಾಗಿರಲೇಬೇಕು ಎಂಬದೇ ಆ ಬೇರು. ಇದು ನಿಜವೋ ಅಲ್ಲವೋ ಎಂಬದನ್ನು ಈ ತಿಂಗಳು ನಾವು ಸತ್ಯವೇದದ ಬೆಳಕಿನಲ್ಲಿಯೂ ನಮ್ಮ ದೇಶದಲ್ಲಿ ನಡೆದ ಸಂಗತಿಗಳ ಬೆಳಕಿನಲ್ಲಿಯೂ ವಿಚಾರಿಸೋಣ.

ಇದು ಪಂಡಿತರು ಕುಳಿತು ಮಾಡುವ ವ್ಯರ್ಥ ವಾದವೆಂದು ಯಾರೂ ಎಣಿಸಬಾರದು. ನೆರೆಯವನ ಗೋಡೆಯನ್ನು ದೇವರೇ ಕೆಡವಿದನೆಂದು ನಂಬುವವನು ಆ ಗೋಡೆಯನ್ನು ಎತ್ತಲಿಕ್ಕೆ ಕೈ ಹಾಕುವಾಗ ಹಿಂಜರಿಯುವನು. ದೇವರು ಕೊಟ್ಟ ದಂಡನೆಯನ್ನು ನಾನು ಯಾಕೆ ಕಡಿಮೆ ಮಾಡಲಿ ಎಂದುಕೊಳ್ಳುವನು. ಹೊಳೆಯಲ್ಲಿ ಮಗುವನ್ನು ಕಳಕೊಂಡ ತಾಯಿಯು ಈ ಮಾತನ್ನು ನಂಬಿದರೆ ಅವಳ ಎದೆಯ ಮೇಲೆ ಒಂದು ಭಾರವಿದ್ದಲ್ಲಿ ಎರಡು ಭಾರಗಳು ಕೂತುಕೊಳ್ಳುವವು. ಆದಕಾರಣ ಈ ಪ್ರಶ್ನೆಗೆ ನಾವು ಕೊಡುವ ಉತ್ತರವು ನಮ್ಮ ನಾಲಿಗೆಗೆ ಮಾತ್ರವಲ್ಲ, ನಮ್ಮ ಕೈಗೂ ಸಂಬಂಧಪಟ್ಟದ್ದಾಗಿದೆ.

ಮೊದಲು ನಮ್ಮ ಕರ್ತನ ಮಾತನ್ನು ನೋಡೋಣ. ಕೆಲವರು ಆತನ ಬಳಿಗೆ ಬಂದು, ಗಲಿಲಾಯದವರು ಬಲಿ ಅರ್ಪಿಸುತ್ತಿದ್ದಾಗಲೇ ಪಿಲಾತನು ಅವರನ್ನು ಕೊಲ್ಲಿಸಿದ ಸುದ್ದಿಯನ್ನು ತಿಳಿಸಿದರು. ಆಗ ಆತನು ತಾನಾಗಿಯೇ ಇನ್ನೊಂದು ಸುದ್ದಿಯನ್ನು ಎತ್ತಿದನು. ಸಿಲೋವದಲ್ಲಿ ಒಂದು ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಒಂದು ಮನುಷ್ಯನ ಕ್ರೂರತ್ವದಿಂದ ಬಂದ ಮರಣ; ಇನ್ನೊಂದು ಕಲ್ಲುಮಣ್ಣಿನಿಂದ ಬಂದ ಮರಣ. ಈ ಎರಡರ ವಿಷಯದಲ್ಲಿಯೂ ಕರ್ತನು ಕೊಟ್ಟ ತೀರ್ಪು ಒಂದೇ: ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಷ್ಠರೆಂದು ಎಣಿಸಬಾರದು. ಬುರುಜು ಯಾಕೆ ಬಿತ್ತೆಂಬದನ್ನು ಆತನು ವಿವರಿಸಲಿಲ್ಲ. ಆದರೆ ಕೇಳುವವರ ಬೆರಳು ಸತ್ತವರ ಕಡೆಗೆ ಚಾಚಿದ್ದನ್ನು ಹಿಡಿದು ಅವರ ಸ್ವಂತ ಎದೆಯ ಕಡೆಗೆ ತಿರುಗಿಸಿದನು. ಮಾನಸಾಂತರವು ಬೇಕಾದದ್ದು ಮಣ್ಣಿನೊಳಗೆ ಸಿಕ್ಕಿದವರಿಗಲ್ಲ, ಸುದ್ದಿ ತಂದವರಿಗೆ ಎಂಬದೇ ಆತನ ಉಪದೇಶದ ಸಾರಾಂಶ.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಇವನ ಪಾಪವೋ ಇವನ ತಂದೆತಾಯಿಗಳ ಪಾಪವೋ ಎಂದು ವಿಚಾರಿಸಿದರಲ್ಲವೇ? ಅಲ್ಲಿಯೂ ಕರ್ತನು ಎರಡನ್ನೂ ಒಪ್ಪದೆ ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿ ಕೆಲಸಕ್ಕೆ ತೊಡಗಿದನು. ಯೋಬನ ಚರಿತ್ರೆಯೂ ಇದನ್ನೇ ಕಲಿಸುತ್ತದೆ. ಬಿರುಗಾಳಿಯು ಮನೆಯ ನಾಲ್ಕು ಮೂಲೆಗಳಿಗೂ ಬಡಿದು ಅವನ ಮಕ್ಕಳನ್ನು ಕೊಂದಿತು. ಸ್ನೇಹಿತರು ಬಂದು ಏಳು ದಿವಸ ಬಾಯಿ ತೆರೆಯದೆ ಅವನ ಸಂಗಡ ನೆಲದ ಮೇಲೆ ಕೂತರು. ಅವರು ಮಾಡಿದ್ದರಲ್ಲಿ ಉತ್ತಮವಾದದ್ದು ಅದೊಂದೇ. ಬಾಯಿ ತೆರೆದ ಮೇಲೆ ಅವನ ಗುಪ್ತಪಾಪವನ್ನು ಹುಡುಕಲಾರಂಭಿಸಿದರು. ಕಡೆಯಲ್ಲಿ ದೇವರ ಕೋಪವು ಉರಿದದ್ದು ಆ ಸ್ನೇಹಿತರ ಮೇಲೆಯೇ.

ಇಲ್ಲಿ ಸತ್ಯವೇದವನ್ನು ಚೆನ್ನಾಗಿ ಓದಿದ ಸಹೋದರನೊಬ್ಬನು ಹೀಗೆ ಕೇಳಬಹುದು: "ಅಹಾಬನ ಕಾಲದಲ್ಲಿ ದೇವರು ಮಳೆಯನ್ನು ನಿಲ್ಲಿಸಲಿಲ್ಲವೋ? ಆಮೋಸನ ಪುಸ್ತಕದಲ್ಲಿ ಒಂದು ಊರಿಗೆ ಮಳೆ ಕೊಟ್ಟು ಇನ್ನೊಂದು ಊರಿಗೆ ಕೊಡದೆ ಹೋದೆನೆಂದು ದೇವರೇ ಹೇಳುವದಿಲ್ಲವೋ?" ಈ ಪ್ರಶ್ನೆಯು ನ್ಯಾಯವಾದದ್ದು, ಇದನ್ನು ಮುಚ್ಚಿಡಬಾರದು. ಇದಕ್ಕೆ ನಾವು ಮೂರು ಉತ್ತರಗಳನ್ನು ಕೊಡುತ್ತೇವೆ.

ಮೊದಲನೆಯದು: ಆ ಪ್ರವಾದಿಗಳು ದೇವರಿಂದ ಮಾತು ಹೊಂದಿದ ಮೇಲೆ ಮಾತಾಡಿದರು. ನಾವಾದರೋ ಬಿದ್ದ ಗೋಡೆಯನ್ನು ನೋಡಿ ದೇವರ ಮನಸ್ಸನ್ನು ಊಹಿಸುತ್ತೇವೆ. ವೈದ್ಯನು ರೋಗವನ್ನು ಹೆಸರಿಸುವದಕ್ಕೂ ದಾರಿಹೋಕನು ಹೆಸರಿಸುವದಕ್ಕೂ ಎಷ್ಟು ಅಂತರವೋ ಇಲ್ಲಿಯೂ ಅಷ್ಟು ಅಂತರವಿದೆ.

ಎರಡನೆಯದು: ಎಲೀಯನ ಕಾಲದ ಬರವು ಪಾಪ ಮಾಡಿದವರನ್ನು ಮಾತ್ರ ಆರಿಸಿಕೊಂಡು ಮುಟ್ಟಲಿಲ್ಲ. ಎಲೀಯನು ನೀರು ಕುಡಿಯುತ್ತಿದ್ದ ಹಳ್ಳವೂ ಬತ್ತಿತು. ಚಾರೆಪ್ತದ ವಿಧವೆಯು ಕಡೆಯ ಹಿಡಿ ಹಿಟ್ಟನ್ನು ಸುಟ್ಟು ತಿಂದು ಸಾಯಬೇಕೆಂದು ಕಟ್ಟಿಗೆ ಆರಿಸುತ್ತಿದ್ದಳು. ಅವಳು ಅಹಾಬನ ರಾಜ್ಯದವಳೇ ಅಲ್ಲ. ಹೀಗಿರಲಾಗಿ ಹಸಿದವನನ್ನು ನೋಡಿ ಇವನೇ ಪಾಪಿಯೆಂದು ಗುರುತಿಸುವದು ಆ ಬರದಲ್ಲಿಯೂ ಸಾಧ್ಯವಿರಲಿಲ್ಲ.

ಮೂರನೆಯದು ಮುಖ್ಯವಾದದ್ದು: ಪ್ರವಾದಿಗಳು ಪಾಪವನ್ನು ಹೆಸರಿಸಿದಾಗ ಯಾರ ಮುಂದೆ ಹೆಸರಿಸಿದರು? ಎಲೀಯನು ಅರಸನ ಮುಂದೆ ನಿಂತನು. ಆಮೋಸನು ದರಿದ್ರರನ್ನು ತುಳಿಯುವವರಿಗೂ ತಕ್ಕಡಿಯಲ್ಲಿ ಮೋಸ ಮಾಡುವವರಿಗೂ ಸಾರಿದನು. ಅವರಲ್ಲಿ ಯಾರೂ ಹಸಿದು ಬಿದ್ದವನ ತಲೆಯ ಹತ್ತಿರ ನಿಂತು ನಿನ್ನ ಪಾಪದಿಂದ ನೀನು ಹಸಿದಿ ಎಂದು ಹೇಳಲಿಲ್ಲ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮುಂದೆ ಇದರಿಂದಲೇ ನಮ್ಮ ಉತ್ತರವು ಹೊರಡುವದು.

ಹೊರಗಿನವರು ನಮ್ಮ ಮೇಲೆ ಹೊರಿಸುವ ತಪ್ಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ಬಹು ಹಳೆಯ ಮಾತು. ಆಫ್ರಿಕ ಖಂಡದ ಕಾರ್ಥೇಜ್ ಪಟ್ಟಣದ ತೆರ್ತುಲ್ಯನೆಂಬ ಸಭಾಪಂಡಿತನು ಕ್ರಿ. ಶ. ೧೯೭ರ ಸುಮಾರಿಗೆ ಕ್ರೈಸ್ತರ ಪರವಾಗಿ ಬರೆದ ಗ್ರಂಥದಲ್ಲಿ, ನದಿ ಉಕ್ಕಿದರೂ ಮಳೆ ನಿಂತರೂ ಭೂಮಿ ನಡುಗಿದರೂ ಜನರು ಕ್ರೈಸ್ತರನ್ನೇ ದೂರಿ ಅವರನ್ನು ಸಿಂಹದ ಬಾಯಿಗೆ ಹಾಕಬೇಕೆಂದು ಕೂಗುತ್ತಿದ್ದರೆಂದು ತಿಳಿಸಿದ್ದಾನೆ. ಹೀಗೆ ಅನ್ಯಾಯವಾಗಿ ದೂರಲ್ಪಟ್ಟ ಜನರ ಸಂತತಿಯವರಾದ ನಾವು ಅದೇ ದೂರನ್ನು ಇನ್ನೊಬ್ಬರ ಮೇಲೆ ಹೊರಿಸುವದು ಎಷ್ಟು ಮಾತ್ರಕ್ಕೂ ತಕ್ಕದ್ದಲ್ಲ.

ಒಳ್ಳೆಯ ಉದ್ದೇಶಕ್ಕಾಗಿ ಇದೇ ತರ್ಕವನ್ನು ಉಪಯೋಗಿಸಿದರೆ ಆಗಬಹುದೋ? ಇದನ್ನು ತಿಳಿಯುವದಕ್ಕೆ ೧೯೩೪ನೆಯ ಇಸವಿಯ ಒಂದು ಸಂಗತಿಯು ಬಹಳ ಸಹಾಯಕವಾಗಿದೆ. ಆ ವರುಷದ ಜನವರಿ ೧೫ರ ಮಧ್ಯಾಹ್ನ ಬಿಹಾರ ಪ್ರಾಂತದಲ್ಲಿಯೂ ನೇಪಾಳದಲ್ಲಿಯೂ ಮಹಾ ಭೂಕಂಪವಾಗಿ ಸಾವಿರಾರು ಜನರು ಸತ್ತರು. ಮುಂಗೇರ್ ಪಟ್ಟಣವು ಕಲ್ಲುಗುಡ್ಡೆಯಾಯಿತು. ಆ ಸಮಯದಲ್ಲಿ ಅಸ್ಪೃಶ್ಯತೆಯ ನಿವಾರಣೆಗಾಗಿ ದಕ್ಷಿಣ ದೇಶದಲ್ಲಿ ಸಂಚರಿಸುತ್ತಿದ್ದ ಗಾಂಧಿಯವರು, ಅಸ್ಪೃಶ್ಯತೆಯೆಂಬ ಪಾಪಕ್ಕಾಗಿ ದೇವರು ಕಳುಹಿಸಿದ ದಂಡನೆಯೇ ಈ ಭೂಕಂಪವೆಂದು ಹೇಳಿದರು. ಕವಿ ರವೀಂದ್ರನಾಥ ಟಾಗೋರರೂ ಅಸ್ಪೃಶ್ಯತೆಯನ್ನು ದ್ವೇಷಿಸುವವರೇ. ಆದಾಗ್ಯೂ ಅವರು ಈ ಮಾತಿಗೆ ಬಹಿರಂಗವಾಗಿ ವಿರೋಧ ಹೇಳಿದರು. ಭೂಮಿಯ ನಡುಕಕ್ಕೆ ಭೂಮಿಯೊಳಗಿನ ಕಾರಣಗಳುಂಟು. ಇಂಥಾ ತರ್ಕವು ಗಾಂಧಿಯವರಿಗಿಂತ ಅವರ ವಿರೋಧಿಗಳಿಗೇ ಹೆಚ್ಚು ಒಪ್ಪುವದು, ಅವರು ಇದೇ ಭೂಕಂಪವನ್ನು ತೋರಿಸಿ ಗಾಂಧಿಯವರನ್ನೂ ಅವರ ಅನುಚರರನ್ನೂ ದೂರಬಹುದಾಗಿತ್ತು ಎಂಬದು ಅವರ ಅಭಿಪ್ರಾಯ. ಗಾಂಧಿಯವರು ತಮ್ಮ "ಹರಿಜನ" ಪತ್ರಿಕೆಯಲ್ಲಿಯೇ ೧೯೩೪ನೆಯ ಫೆಬ್ರವರಿ ೧೬ರಂದು ಆ ವಿರೋಧವನ್ನು ಅಚ್ಚು ಹಾಕಿ ತಮ್ಮ ಉತ್ತರವನ್ನೂ ಬರೆದರು.

ನಮ್ಮ ಸಭೆಗಳಲ್ಲಿ ಅನೇಕರ ಹಿರಿಯರು ಆ ಪಾಪದ ನೊಗವನ್ನು ಹೆಗಲ ಮೇಲೆ ಹೊತ್ತವರು. ಆದಕಾರಣ ಗಾಂಧಿಯವರ ಮಾತು ನಮ್ಮ ಕಿವಿಗೆ ಇಂಪಾಗಿರುವದು ಸಹಜವೇ. ಆದರೆ ಪ್ರಿಯರೇ, ಯೋಚಿಸಿರಿ. ಆ ದಿನ ಸತ್ತವರೊಳಗೆ ಊರಬಾವಿಯಿಂದ ನೀರು ಸೇದಗೊಡದವರೂ ಇದ್ದರು, ನೀರು ಸಿಕ್ಕದವರೂ ಇದ್ದರು. ಅಸ್ಪೃಶ್ಯತೆಯ ದೆಸೆಯಿಂದ ಅಸ್ಪೃಶ್ಯನಾದವನನ್ನೇ ಕೊಲ್ಲುವ ನ್ಯಾಯಾಧಿಪತಿಯು ನಮ್ಮ ದೇವರಲ್ಲ. ಹಿಂದೂಸ್ಥಾನದ ನೆಲವು ನಿಧಾನವಾಗಿ ಉತ್ತರಕ್ಕೆ ಸರಿದು ಹಿಮಾಲಯದ ಬುಡವನ್ನು ಒತ್ತುತ್ತಿರುವದರಿಂದ ಅಲ್ಲಿ ಭೂಕಂಪಗಳಾಗುತ್ತವೆಂದು ಈಗ ಶಾಸ್ತ್ರಜ್ಞರು ತಿಳಿದಿದ್ದಾರೆ. ಅಸ್ಪೃಶ್ಯತೆಯು ಪಾಪವೆಂದು ತಿಳಿಯುವದಕ್ಕೆ ಭೂಕಂಪದ ಸಾಕ್ಷಿಯು ಬೇಕಾಗಿಲ್ಲ. ಭೂಮಿಯು ನಡುಗದೆ ಸ್ಥಿರವಾಗಿ ನಿಂತಿದ್ದ ಸಾವಿರ ವರುಷವೂ ಅದು ಪಾಪವೇ ಆಗಿತ್ತು.

ಹಾಗಾದರೆ ವಿಪತ್ತುಗಳಲ್ಲಿ ಪಾಪವೆಂಬದೇ ಇಲ್ಲವೋ? ಇದೆ ಎಂದು ನಾವು ಹೇಳುತ್ತೇವೆ; ಆದರೆ ಜನರು ಹುಡುಕುವ ಸ್ಥಳದಲ್ಲಿ ಇಲ್ಲ. ಇದಕ್ಕೆ ಕನ್ನಡನಾಡು ಎಂದೂ ಮರೆಯಬಾರದ ಒಂದು ದೃಷ್ಟಾಂತವು ಧಾತು, ಈಶ್ವರ ಸಂವತ್ಸರಗಳ ಬರವೇ ಆಗಿದೆ. ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸೀಮೆ, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳೂ ದಕ್ಷಿಣ ದೇಶದ ಬಹುಭಾಗವೂ ಆ ಬರಕ್ಕೆ ತುತ್ತಾದವು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದರು. ೧೮೮೧ರಲ್ಲಿ ಎಣಿಸಿದಾಗ ೪೨ ಲಕ್ಷದಷ್ಟೂ ಇರಲಿಲ್ಲ. ಹಸಿವಿನಿಂದ ಸತ್ತವರು ಕೆಲವರು. ಹಸಿವು ಬಲಹೀನ ಮಾಡಿದ ದೇಹಗಳಲ್ಲಿ ವಾಂತಿಭೇದಿಯೂ ಸಿಡುಬೂ ಜ್ವರವೂ ಸೇರಿ ಸತ್ತವರು ಅನೇಕರು.

ಮಳೆಯು ಯಾಕೆ ಹೋಯಿತು? ಇಲ್ಲಿಂದ ಬಹು ದೂರದಲ್ಲಿರುವ ಶಾಂತ ಮಹಾಸಾಗರದ ನೀರು ವಾಡಿಕೆಗಿಂತ ಬಿಸಿಯಾದ ವರುಷಗಳಲ್ಲಿ ನಮ್ಮ ಮುಂಗಾರು ಮಳೆಯು ಹಲವು ಸಾರಿ ಕಡಿಮೆಯಾಗುತ್ತದೆಂದೂ ೧೮೭೭ನೆಯ ವರುಷವು ಅಂಥಾ ವರುಷವಾಗಿತ್ತೆಂದೂ ಈಗ ತಿಳಿದುಬಂದಿದೆ. ಮುಂಡರಗಿಯ ಒಕ್ಕಲಿಗನು ಮಾಡಿದ ಯಾವ ಪಾಪವೂ ಆ ಸಾಗರವನ್ನು ಕಾಯಿಸಲಿಲ್ಲ. ಮಳೆ ಹೋದದ್ದು ಪ್ರಕೃತಿಯ ಕೆಲಸ.

ಆದರೆ ಮಳೆ ಹೋದ ಮಾತ್ರದಿಂದಲೇ ಆ ಲಕ್ಷಾಂತರ ಜನರು ಸತ್ತರೋ? ಇಲ್ಲಿ ನಾವು ನಿಂತು ನೋಡಬೇಕು. ನಮ್ಮ ಜನರು ಸಾಯುತ್ತಿದ್ದ ಆ ವರುಷಗಳಲ್ಲಿಯೇ ಹಿಂದೂಸ್ಥಾನದ ಗೋಧಿಯು ಹಡಗುಗಳನ್ನು ಏರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ದೇಶದೊಳಗೆ ಧಾನ್ಯವಿತ್ತು; ಅದನ್ನು ಕೊಳ್ಳುವ ಹಣವು ಕೂಲಿಯವನ ಕೈಯಲ್ಲಿರಲಿಲ್ಲ. ಹೊಲದಲ್ಲಿ ಕೆಲಸವಿಲ್ಲದ್ದರಿಂದ ಕೂಲಿಯಿಲ್ಲ. ನೇಯುವವನ ಬಟ್ಟೆಯನ್ನು ಕೊಳ್ಳುವವರಿಲ್ಲ. ಅಂಗಡಿಯಲ್ಲಿ ರಾಗಿ ಜೋಳಗಳ ಧಾರಣೆಯು ಏರುತ್ತಲೇ ಇತ್ತು. ಸರಕಾರದವರು ರಸ್ತೆ, ಕೆರೆಗಳ ಕೆಲಸವನ್ನು ತೆರೆದರು. ಆದರೆ ಖರ್ಚು ಹೆಚ್ಚಾಗುವದೆಂಬ ಭಯದಿಂದ ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಕೂಲಿಯನ್ನು ಇಳಿಸಿದನು. ದಿನವೆಲ್ಲಾ ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆಯೂ ಅದರ ಮೇಲೆ ಅಲ್ಪ ಹಣವೂ ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಈಗಿನ ತೂಕದಲ್ಲಿ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬವರು, ಇಷ್ಟರಿಂದ ದುಡಿಯುವವನ ದೇಹವು ಉಳಿಯಲಾರದೆಂದು ವಾದಿಸಿದರು. ತಿಂಗಳುಗಳಾದ ಮೇಲೆ ಮದರಾಸು ಸರಕಾರವು ಕೂಲಿಯನ್ನು ಸ್ವಲ್ಪ ಏರಿಸಿತು. ಬರವು ಮುಗಿದ ಮೇಲೆ ಕೂತ ಕ್ಷಾಮ ಕಮಿಷನ್ನಿನವರು ೧೮೮೦ರ ತಮ್ಮ ವರದಿಯಲ್ಲಿ, ಈ ದೇಶದ ಬರಗಳು ಅನ್ನದ ಅಭಾವಕ್ಕಿಂತ ಕೆಲಸದ ಅಭಾವದಿಂದಲೇ ಜನರನ್ನು ಕೊಲ್ಲುತ್ತವೆಂಬ ಅರ್ಥವುಳ್ಳ ಮಾತನ್ನು ಬರೆದಿದ್ದಾರೆ.

ಆದಕಾರಣ ಧಾತು ಈಶ್ವರದ ಬರದಲ್ಲಿ ಪಾಪವಿತ್ತು, ನಿಶ್ಚಯವಾಗಿ ಇತ್ತು. ಅದು ಹಸಿದವನ ಗುಡಿಸಿಲಲ್ಲಿ ಇರಲಿಲ್ಲ. ಕಣಜದ ಬಾಗಲಲ್ಲಿಯೂ ತಕ್ಕಡಿಯಲ್ಲಿಯೂ ಕೂಲಿಯ ಲೆಕ್ಕದ ಪುಸ್ತಕದಲ್ಲಿಯೂ ಇತ್ತು. ಆಮೋಸನು ಬಂದಿದ್ದರೆ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದನು.

ಈ ಮಾತು ಸರಿಯೋ ಎಂದು ಪರೀಕ್ಷಿಸುವದಕ್ಕೆ ಎರಡು ಸಂಗತಿಗಳನ್ನು ಹೋಲಿಸಿ ನೋಡಬಹುದು. ೧೯೭೨ರಲ್ಲಿ ಇದೇ ದಖ್ಖಣ ಸೀಮೆಯಲ್ಲಿ, ವಿಶೇಷವಾಗಿ ಮಹಾರಾಷ್ಟ್ರದಲ್ಲಿ, ಮಳೆಯು ಘೋರವಾಗಿ ತಪ್ಪಿತು. ಆದರೆ ಆಗ ಸರಕಾರವು ಕೆಲಸ ಕೇಳಿದವರಿಗೆ ಕೆಲಸ ಕೊಟ್ಟಿತು. ೧೯೭೩ರ ಬೇಸಿಗೆಯಲ್ಲಿ ಸುಮಾರು ೫೦ ಲಕ್ಷ ಜನರು ಕೆರೆ, ಬಾವಿ, ರಸ್ತೆಗಳ ಕೆಲಸದಲ್ಲಿದ್ದರು. ದನಕರುಗಳು ನಷ್ಟವಾದವು, ಜನರು ಬಹಳ ಬಳಲಿದರು. ಆದರೆ ಧಾತು ಸಂವತ್ಸರದ ಹಾಗೆ ಊರುಗಳು ಬರಿದಾಗಲಿಲ್ಲ. ಇನ್ನೊಂದು: ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾ ದೇಶದ ತೀರಕ್ಕೆ ಬಡಿದ ಚಂಡಮಾರುತದಿಂದ ಸುಮಾರು ೧೦,೦೦೦ ಜನರು ಸತ್ತರು. ೨೦೧೩ರ ಅಕ್ಟೋಬರ್ ೧೨ರಂದು ಅದಕ್ಕೆ ತುಸುವೇ ಕಡಿಮೆಯಾದ ಚಂಡಮಾರುತವು ಅದೇ ತೀರಕ್ಕೆ ಬಂತು. ಆದರೆ ಮುಂಚಿತವಾಗಿಯೇ ಹತ್ತು ಲಕ್ಷದಷ್ಟು ಜನರನ್ನು ತಗ್ಗುಸೀಮೆಯಿಂದ ಎಬ್ಬಿಸಿ ಗಟ್ಟಿಯಾದ ಆಶ್ರಯಗಳಿಗೆ ಸಾಗಿಸಿದ್ದರಿಂದ ಸತ್ತವರು ಐವತ್ತರ ಒಳಗೇ. ಈ ಹದಿನಾಲ್ಕು ವರುಷಗಳಲ್ಲಿ ಒಡಿಶಾದವರ ಪಾಪವು ಇನ್ನೂರು ಪಾಲು ಕಡಿಮೆಯಾಯಿತೆಂದು ಹೇಳುವವರು ಯಾರಾದರೂ ಇದ್ದಾರೋ? ಕಡಿಮೆಯಾದದ್ದು ಜನರ ಅಲಕ್ಷ್ಯ.

ಸಮೀಪದ ಕಾಲಕ್ಕೆ ಬರೋಣ. ೨೦೦೯ನೆಯ ವರುಷದಲ್ಲಿ ದೇಶದ ಬಹುಭಾಗದಲ್ಲಿ ಮಳೆಯು ಬಹಳ ಕಡಿಮೆಯಾಗಿ ಜನರು ಆಕಾಶವನ್ನು ನೋಡುತ್ತಿದ್ದರು. ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಆರಂಭದಲ್ಲಿಯೂ ಕೆಲವೇ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಮಹಾವೃಷ್ಟಿ ಸುರಿದು, ಇನ್ನೂರಕ್ಕಿಂತ ಹೆಚ್ಚು ಜನರು ಸತ್ತರು, ಲಕ್ಷಗಟ್ಟಳೆ ಮನೆಗಳು ಬಿದ್ದವು. ನಮ್ಮ ತಂದೆಯಾದ ದೇವರು ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ಮಳೆಯನ್ನು ಸುರಿಸುತ್ತಾನೆಂದು ಕರ್ತನು ಕಲಿಸಿದ್ದು ಇಲ್ಲಿ ಅಕ್ಷರಶಃ ಕಂಡುಬಂತು. ಮಳೆಯು ಎಲ್ಲರ ಮೇಲೆಯೂ ಒಂದೇ ಸಮನಾಗಿ ಬಿತ್ತು. ಆದರೆ ಬಿದ್ದ ಮನೆಗಳು ಯಾವವು? ಸುಟ್ಟ ಇಟ್ಟಿಗೆಯ ಮನೆಯು ನಿಂತಿತು. ಮಣ್ಣಿನ ಗೋಡೆ, ಮೇಲ್ಮುದ್ದಿಯ ಮನೆಯು ನೀರು ಕುಡಿದು ಕುಸಿಯಿತು. ಎತ್ತರದಲ್ಲಿದ್ದ ಓಣಿಯು ಉಳಿಯಿತು. ಹಳ್ಳದ ದಂಡೆಯ ಕೇರಿಯು ಮುಳುಗಿತು. ಆ ಕೇರಿಯು ಹಳ್ಳದ ದಂಡೆಯಲ್ಲಿ ಯಾಕೆ ಇತ್ತು? ಒಳ್ಳೆಯ ನೆಲದಲ್ಲಿ ಮನೆ ಕಟ್ಟಲಿಕ್ಕೆ ಅವರ ಹಿರಿಯರನ್ನು ಊರಿನವರು ಬಿಡಲಿಲ್ಲವಾದ್ದರಿಂದ. ಹೀಗೆ ಮಳೆಯು ಪಕ್ಷಪಾತ ಮಾಡಲಿಲ್ಲ. ಮಳೆ ಬರುವದಕ್ಕೆ ಬಹುಕಾಲ ಮುಂಚೆಯೇ ಮನುಷ್ಯರು ಪಕ್ಷಪಾತವನ್ನು ಮಾಡಿ ಇಟ್ಟಿದ್ದರು.

ನೀರು ಇಳಿದ ಮೇಲೆಯೂ ಈ ಪಕ್ಷಪಾತವು ಇಳಿಯುವದಿಲ್ಲ. ೨೦೦೪ರ ಡಿಸೆಂಬರ್ ೨೬ರಂದು ಸಮುದ್ರವು ಉಕ್ಕಿ ತಮಿಳುನಾಡಿನ ತೀರವನ್ನು ಹಾಳು ಮಾಡಿದಾಗ, ನಾಗಪಟ್ಟಣದ ಸೀಮೆಯಲ್ಲಿ ಕೆಲವು ಕಡೆ ದಲಿತರನ್ನು ಒಂದೇ ಆಶ್ರಯದಲ್ಲಿ ಇರಗೊಡಲಿಲ್ಲವೆಂದೂ ಪರಿಹಾರದಲ್ಲಿ ಹಿಂದೆ ಹಾಕಿದರೆಂದೂ ವರದಿಗಳಾದವು. ಅದೇ ದಿನ ವೇಳಾಂಗಣ್ಣಿಯಲ್ಲಿ ಕ್ರಿಸ್ತ ಜಯಂತಿಗಾಗಿ ಬಂದಿದ್ದ ಅನೇಕ ಯಾತ್ರಿಕರು ದಡದಲ್ಲಿಯೇ ಸಮುದ್ರದ ಪಾಲಾದರು. ಅವರು ನಮ್ಮ ಸಭಾಪದ್ಧತಿಯವರಲ್ಲವೆಂದು ನೆನಸಿ, ಅವರ ಆರಾಧನೆಯ ತಪ್ಪಿಗಾಗಿ ಹೀಗಾಯಿತೆಂದು ನಮ್ಮಲ್ಲಿ ಯಾರಾದರೂ ಹೇಳುವದಾದರೆ, ಬಲಿ ಅರ್ಪಿಸುವಾಗಲೇ ಸತ್ತ ಆ ಗಲಿಲಾಯದವರನ್ನು ನೆನಸಿ ಬಾಯಿಯ ಮೇಲೆ ಕೈ ಇಟ್ಟುಕೊಳ್ಳಲಿ.

ಈಗಿನ ಕಾಲದಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕಾಗಿದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ನೂರೈವತ್ತು ವರುಷಗಳಿಂದ ಹೇರಳವಾಗಿ ಸುಟ್ಟದ್ದರಿಂದ ಭೂಮಿಯ ಗಾಳಿಯು ಕಾದಿದೆ. ಕಾದ ಗಾಳಿಯು ಹೆಚ್ಚು ಆವಿಯನ್ನು ಹಿಡಿಯುವದರಿಂದ ಮಳೆಯು ಬಂದಾಗ ಒಮ್ಮೆಗೇ ಸುರಿಯುವದು ಹೆಚ್ಚಾಗಿದೆ. ಬೆಟ್ಟದ ಇಳಿಜಾರನ್ನು ಕಡಿದ ಕಡೆಗಳಲ್ಲಿ ಆ ಮಳೆಗೆ ನೆಲವು ಸಡಿಲವಾಗಿ ಜಾರುವದೂ ಉಂಟು. ಹೀಗಿರಲಾಗಿ ಕೆಲವು ವಿಪತ್ತುಗಳ ಕಾರಣದಲ್ಲಿಯೂ ಮನುಷ್ಯನ ಕೈಯಿದೆಯೆಂದು ಒಪ್ಪಬೇಕು. ಆದರೆ ಇಲ್ಲಿಯೂ ಹೆಚ್ಚು ಸುಟ್ಟವನು ಒಬ್ಬನು, ಮುಳುಗುವವನು ಇನ್ನೊಬ್ಬನು. ಕಷ್ಟಪಡುವವನೇ ಪಾಪಿಯೆಂಬ ಹಳೆಯ ತರ್ಕವು ಇಲ್ಲಿಯೂ ನಿಲ್ಲುವದಿಲ್ಲ.

ನಮ್ಮ ಸಭೆಗಳಿಗೆ ಸಂಬಂಧಪಟ್ಟ ಒಂದು ಕಠಿಣವಾದ ಸಂಗತಿಯನ್ನು ಇಲ್ಲಿ ಬಿಟ್ಟುಬಿಡಬಾರದು. ಧಾತು ಈಶ್ವರದ ಬರದಲ್ಲಿ ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ಮಿಶನ್ನಿನವರು ಅನಾಥಶಾಲೆಗಳಲ್ಲಿ ಸೇರಿಸಿ ಸಾಕಿದರು. ನಮ್ಮ ಕ್ರೈಸ್ತ ಮನೆತನಗಳಲ್ಲಿ ಕೆಲವು ಅಂಥಾ ಮಕ್ಕಳಿಂದಲೇ ಹುಟ್ಟಿದವುಗಳು. ಇದನ್ನು ನೆನಸಿ ಹೊರಗಿನವರು, "ನಿಮ್ಮ ಮುತ್ತಜ್ಜನು ಗಂಜಿಗಾಗಿ ಜಾತಿ ಬಿಟ್ಟನು" ಎಂದು ಹಳಿಯುವರು. ನಮ್ಮವರಲ್ಲಿ ಕೆಲವರು ಅದಕ್ಕೆ ಉತ್ತರವಾಗಿ, "ನಮ್ಮನ್ನು ತನ್ನ ಮಂದೆಗೆ ತರಬೇಕೆಂದೇ ದೇವರು ಆ ಬರವನ್ನು ಕಳುಹಿಸಿದನು" ಎನ್ನುವರು. ಈ ಉತ್ತರವು ಭಕ್ತಿಯ ಮಾತಿನಂತೆ ಕೇಳಿಸಿದಾಗ್ಯೂ ನಾವು ಅದನ್ನು ಒಪ್ಪಲಾರೆವು. ಒಂದು ಮಗುವನ್ನು ಶಾಲೆಗೆ ಸೇರಿಸಬೇಕೆಂದು ಅದರ ತಾಯಿಯನ್ನು ಹಾದಿಯಲ್ಲಿ ಹಸಿವಿನಿಂದ ಸಾಯಿಸುವವನು ಯೇಸು ಸ್ವಾಮಿಯು ನಮಗೆ ತೋರಿಸಿದ ತಂದೆಯಲ್ಲ. ಬರದಲ್ಲಿ ದೇವರ ಕೆಲಸ ಯಾವದೆಂದು ಕೇಳಿದರೆ, ಹಾದಿಯಲ್ಲಿ ಬಿದ್ದ ಆ ಮಗುವನ್ನು ಎತ್ತಿದ ಕೈಯನ್ನು ತೋರಿಸುವೆವು. ಅದನ್ನು ಬೀಳಿಸಿದ ಹಸಿವನ್ನು ತೋರಿಸುವದಿಲ್ಲ. ಗಂಜಿ ಕುಡಿದು ಬದುಕಿದ ಮುತ್ತಜ್ಜನ ವಿಷಯದಲ್ಲಿ ನಾವು ನಾಚಿಕೆಪಡಬೇಕಾದದ್ದೇನೂ ಇಲ್ಲ. ನಾಚಿಕೆಪಡತಕ್ಕವರು ಗಂಜಿ ಇದ್ದೂ ಕೊಡದೆ ಹೋದವರೇ.

ಹಾಗಾದರೆ ಮಳೆಗಾಗಿ ಪ್ರಾರ್ಥಿಸುವದು ವ್ಯರ್ಥವೋ ಎಂದು ಒಬ್ಬನು ಕೇಳಬಹುದು. ಎಂದಿಗೂ ವ್ಯರ್ಥವಲ್ಲ. ಮಗನು ತಂದೆಯ ಹತ್ತಿರ ತನ್ನ ಕೊರತೆಯನ್ನೆಲ್ಲಾ ಹೇಳಿಕೊಳ್ಳುವದು ತಕ್ಕದ್ದೇ; ಮಳೆಯೂ ಅದರ ಕಾಲವೂ ಆತನ ಕೈಯಲ್ಲಿವೆಯೆಂದು ನಾವು ನಂಬುತ್ತೇವೆ. ಆದರೆ ಮಳೆ ಬಂದರೆ ನಮ್ಮ ನೀತಿಗೆ ಕೂಲಿಯೆಂದೂ ಬಾರದಿದ್ದರೆ ನೆರೆಯವನ ಪಾಪಕ್ಕೆ ದಂಡವೆಂದೂ ಲೆಕ್ಕ ಹಾಕುವ ಪ್ರಾರ್ಥನೆಯು ಪ್ರಾರ್ಥನೆಯಲ್ಲ, ವ್ಯಾಪಾರ. ಇನ್ನು, ಸರ್ವಶಕ್ತನಾದ ದೇವರು ನಡುಗುವ ಭೂಮಿಯನ್ನೂ ಉಕ್ಕುವ ಸಮುದ್ರವನ್ನೂ ಯಾಕೆ ಉಂಟುಮಾಡಿದನು ಎಂದು ಕೇಳಿದರೆ, ಅದಕ್ಕೆ ಯೋಬನಿಗೂ ವಿವರವು ದೊರೆಯಲಿಲ್ಲ. ದೊರೆತದ್ದು ದೇವರ ಸಮೀಪತ್ವವೇ. ನಮಗಾದರೋ ಅದಕ್ಕಿಂತ ಹೆಚ್ಚಾದದ್ದು ದೊರೆತಿದೆ. ಲಾಜರನ ಸಮಾಧಿಯ ಬಳಿಯಲ್ಲಿ ಕರ್ತನು ಯಾರ ಪಾಪವೆಂದು ವಿಚಾರಿಸದೆ ಕಣ್ಣೀರು ಬಿಟ್ಟನು. ಪಾಪವಿಲ್ಲದ ಆತನೇ ಶಿಲುಬೆಯಲ್ಲಿ ಶಾಪಗ್ರಸ್ತನೆಂದು ಎಣಿಸಲ್ಪಟ್ಟನು. ಶಿಲುಬೆಯ ಕೆಳಗೆ ನಿಂತವನು ಕಷ್ಟಪಡುವವನನ್ನು ದೇವರಿಂದ ತಳ್ಳಲ್ಪಟ್ಟವನೆಂದು ಹೇಗೆ ಹೇಳಾನು?

ಕಡೆಯದಾಗಿ, ನಾವು ಮಾಡತಕ್ಕದ್ದೇನು? ಅಪೊಸ್ತಲರ ಕೃತ್ಯಗಳ ೧೧ನೆಯ ಅಧ್ಯಾಯದಲ್ಲಿ ಅಗಬನೆಂಬ ಪ್ರವಾದಿಯು ದೊಡ್ಡ ಕ್ಷಾಮವು ಬರುವದೆಂದು ತಿಳಿಸಿದಾಗ ಅಂತಿಯೋಕ್ಯದ ಸಭೆಯವರು ಏನು ಮಾಡಿದರೆಂದು ನೋಡಿರಿ. ಇದು ಯಾರ ಪಾಪಕ್ಕಾಗಿ ಬರುತ್ತದೆಂದು ಅವರು ವಿಚಾರಿಸಲಿಲ್ಲ. ಪ್ರತಿಯೊಬ್ಬನು ತನ್ನ ಶಕ್ತಿಯಿದ್ದಷ್ಟು ಕೊಟ್ಟು ಯೂದಾಯದ ಸಹೋದರರಿಗೆ ಬಾರ್ನಬ ಸೌಲರ ಕೈಯಲ್ಲಿ ಕಳುಹಿಸಿದರು. ಈ ಮಾದರಿಯ ಪ್ರಕಾರ ನಮ್ಮ ಗ್ರಾಮಸಭೆಗಳಿಗೆ ನಾಲ್ಕು ಬುದ್ಧಿಮಾತುಗಳನ್ನು ಹೇಳುತ್ತೇವೆ.

ಒಂದು: ಅಡಿಗೆ ಮಾಡುವಾಗ ಒಂದು ಹಿಡಿ ಅಕ್ಕಿಯನ್ನಾಗಲಿ ಜೋಳವನ್ನಾಗಲಿ ದೇವರಿಗೆಂದು ತೆಗೆದಿಡುವ ವಾಡಿಕೆಯು ನಮ್ಮ ತಾಯಂದಿರಲ್ಲಿ ಉಂಟು. ಯೋಸೇಫನು ಸುಭಿಕ್ಷದ ಏಳು ವರುಷ ಐಗುಪ್ತದ ಬೆಳೆಯಲ್ಲಿ ಐದರಲ್ಲೊಂದು ಪಾಲನ್ನು ಕೂಡಿಸಿಟ್ಟಂತೆ, ಆ ಹಿಡಿಧಾನ್ಯದ ಹಣದಲ್ಲಿ ಐದರಲ್ಲೊಂದು ಪಾಲನ್ನು ಒಳ್ಳೆಯ ವರುಷಗಳಲ್ಲಿಯೇ ವಿಪತ್ತಿಗಾಗಿ ಪ್ರತ್ಯೇಕಿಸಿ ಇಡಲಿ.

ಎರಡು: ಮಳೆ ಗಾಳಿಗಳ ಎಚ್ಚರಿಕೆಯನ್ನು ಸರಕಾರದವರು ಸಾರಿದಾಗ, ದೇವರು ಕಾಯುವನೆಂದು ಹೇಳಿ ಹೊಳೆಯ ದಂಡೆಯಲ್ಲಿಯೇ ಕೂತುಕೊಳ್ಳಬಾರದು. ಯೋನನು ಮುಂಚಿತವಾಗಿ ಸಾರಿದನು; ನಿನೆವೆಯವರು ಮುಂಚಿತವಾಗಿ ಎದ್ದರು; ಉಳಿದರು. ಎಚ್ಚರಿಕೆಗೆ ಕಿವಿಗೊಡುವದೂ ವಿಧೇಯತ್ವವೇ.

ಮೂರು: ಆರಾಧನೆಯ ಮನೆಯು ಎತ್ತರದಲ್ಲಿಯೂ ಗಟ್ಟಿಯಾಗಿಯೂ ಇದ್ದರೆ ನೀರು ಬಂದ ರಾತ್ರಿ ಅದರ ಬಾಗಲನ್ನು ಊರಿಗೆಲ್ಲಾ ತೆರೆಯಲಿ. ನಮ್ಮ ದೆಸೆಯಿಂದ ಮಳೆ ಹೋಯಿತೆಂದು ಹಿಂದಿನ ವರುಷ ದೂರಿದವನು ಮಕ್ಕಳನ್ನು ಎತ್ತಿಕೊಂಡು ಬಂದರೆ ಅವನಿಗೆ ಮೊದಲು ಒಣಗಿದ ಸ್ಥಳವನ್ನು ಕೊಡಿರಿ. ಅವನ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ನಾಲ್ಕು: ಪರಿಹಾರದ ಪಟ್ಟಿಯನ್ನು ಬರೆಯುವ ದಿನ ಓದುಬರಹ ಬಲ್ಲವರು ಮನೆಯಲ್ಲಿ ಕೂತಿರಬಾರದು. ಮನೆಯ ಹಕ್ಕುಪತ್ರವಿಲ್ಲದವನು, ವಿಧವೆ, ಕೂಲಿಗೆ ದೂರ ಹೋಗಿರುವವನು, ಇವರ ಹೆಸರುಗಳೇ ಪಟ್ಟಿಯಲ್ಲಿ ಬಿಟ್ಟುಹೋಗುವವು. ಇಂಥವರ ಪಂಚನಾಮೆಯನ್ನು ಮಾಡಿಸುವದೂ ಅರ್ಜಿಯನ್ನು ಬರೆದುಕೊಡುವದೂ, ಅಧಿಕಾರಿಯ ಮುಂದೆ ವಿನಯದಿಂದಲೂ ಧೈರ್ಯದಿಂದಲೂ ನಿಲ್ಲುವದೂ ದೇವರ ಸೇವೆಯೇ. ಎಲೀಯನೂ ಆಮೋಸನೂ ನಿಂತ ಸ್ಥಳವು ಅದೇ.

ಬುರುಜಿನ ಮಾತನ್ನು ಹೇಳಿದ ಕೂಡಲೆ ಕರ್ತನು ಫಲಕೊಡದ ಅಂಜೂರ ಗಿಡದ ಸಾಮ್ಯವನ್ನು ಹೇಳಿದನೆಂಬದನ್ನು ಗಮನಿಸಿರಿ. ಯಜಮಾನನು ಕಡಿಯಬೇಕೆಂದಾಗ ತೋಟಗಾರನು ಇನ್ನೊಂದು ವರುಷದ ಸಾವಕಾಶವನ್ನು ಕೇಳಿ, ಬುಡವನ್ನು ಅಗೆದು ಗೊಬ್ಬರ ಹಾಕುವೆನೆಂದನು. ಬುರುಜು ಬೇರೆಯವರ ಮೇಲೆ ಬಿದ್ದು ನಾವು ಉಳಿದಿದ್ದೇವಾದರೆ, ಉಳಿದ ಈ ವರುಷವು ನಮ್ಮ ಒಳ್ಳೇತನಕ್ಕೆ ಸಿಕ್ಕಿದ ಬಹುಮಾನವಲ್ಲ. ಫಲ ಕೊಡುವದಕ್ಕೆ ಸಿಕ್ಕಿದ ಸಾವಕಾಶ. ಆದಕಾರಣ ಸಹೋದರರೇ, ಸಹೋದರಿಯರೇ, ಇನ್ನು ಮೇಲೆ ಬಿದ್ದ ಗೋಡೆಯ ಮುಂದೆ ನಿಂತಾಗ ಯಾರ ಪಾಪವೆಂದು ಕೇಳದೆ, ಗುದ್ದಲಿ ಎಲ್ಲಿದೆ ಎಂದು ಕೇಳೋಣ. ಕೃಪಾಳುವಾದ ದೇವರು ನಮ್ಮೆಲ್ಲರಿಗೂ ಅಂಥಾ ಹೃದಯವನ್ನು ಅನುಗ್ರಹಿಸಲಿ.